ಪಾಯಪ್ಪ ಪೂರ್ತಿ ಕೇಳದ ಮುಲ್ತಾನಿ

ಬನಹಟ್ಟಿಯಲ್ಲಿ ನೂಲಿನ ಅಂಗಡಿ ಇಟ್ಟಿದ್ದ ಪಾಯಪ್ಪನಿಗೆ ಊರವರು ಇಟ್ಟ ಹೆಸರು ಬ್ಯಾಂಡ್ ಪಾಯಪ್ಪ. ಗೊತ್ತಿಲ್ಲದವರು ಯಾರಾದರೂ ಬಂದು, ನೀವು ಯಾವ ವಾದ್ಯ ಊದುತ್ತಿದ್ದಿರಿ ಅಂತ ಕೇಳಿದರೆ ಆವತ್ತಿನ ವ್ಯಾಪಾರ ಕೆಟ್ಟಂತೆಯೇ. ಯಾಕೆಂದರೆ ಪಾಯಪ್ಪ ಹುಟ್ಟಿದಾಗಿನಿಂದ ಒಂದು ಪೀಪಿಯನ್ನೂ ಊದಿದವನಲ್ಲ. ಕೇಳಿದವನು. ಬರೀ ಕೇಳಿದವನು. ಹಾಗಂತ ಹೇಳಿದರೆ ಎದುರಿನವರ ಮುಖದ ಮೇಲೆ ‘ಓ, ಅಷ್ಟೇನಾ’ ಅನ್ನುವ ಕಳೆ ಬರುತ್ತಿತ್ತಲ್ಲ, ಅದು ಅವನ ಮೈ ಉರಿಸುತ್ತಿತ್ತು.

“ಬಾರಸಾಂವಗ ಶಾಲ ಹೊಚ್ಚತೀರಿ, ಹಾರ ಹಾಕತೀರಿ. ಕೇಳಾಂವ ಇಲ್ಲಂದ್ರ ಅಂವ ಯಾರ ಮುಂದ ಬಾರಸ್ತಾನ್ರೀ? ಲೈಟಿನ ಕಂಬದ ಮುಂದ?” ಅಂತ ಗಿರಾಕಿಯನ್ನೇ ಜಾಡಿಸುತ್ತಿದ್ದ. ಗಿರಾಕಿ ನೂಲು ಕೊಳ್ಳದೆ ಎದ್ದು ಹೋಗುತ್ತಿದ್ದ. ಒಳಗಿಂದ ಹೆಂಡತಿ ಅಕ್ಕವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಕಲಿಯುವ ಆಸೆ ಇರಲಿಲ್ಲ ಅಂತಲ್ಲ. ಅವರ ಮನೆತನ ತೇರದಾಳದ ಜೈನರದು, ನೂಲಿನ ವ್ಯಾಪಾರಕ್ಕೆ ಬನಹಟ್ಟಿಗೆ ಬಂದು ನೆಲೆಸಿದ್ದರು. ಚಿಕ್ಕವನಿದ್ದಾಗ ಪಾಯಪ್ಪ ಒಮ್ಮೆ ಅಪ್ಪನ ಮುಂದೆ ನಿಂತು ಕ್ಲಾರಿನೆಟ್ ಕಲಿಯುತ್ತೇನೆ ಅಂದ. ಅಪ್ಪ ನೀರನ್ನು ಸೋಸಿ ಕುಡಿಯುವ ಮನುಷ್ಯ. “ನಾಕ ಮಂದಿ ಎಂಜಲ ಮಾಡಿದ್ದನ್ನ ಬಾಯಾಗ ಇಟ್ಕೊತೀಯೇನಲೇ?” ಅಂದ. ಮಾತು ಅಲ್ಲಿಗೆ ಮುಗಿಯಿತು. ಊದುವುದು ಬೇಡವೆಂದರೆ ಬೇಡ, ಕೇಳುವುದಕ್ಕೆ ಎಂಜಲಿಲ್ಲವಲ್ಲ ಅಂತ ಹುಡುಗ ಬ್ಯಾಂಡುಗಳ ಹಿಂದೆ ಬಿದ್ದ.

ಅರವತ್ತರ ದಶಕ ಅದು. ಆಗಿನ ಬ್ಯಾಂಡು ಅಂದರೆ ಈಗಿನ ಮಕ್ಕಳಿಗೆ ಹೇಳಿ ತಿಳಿಸುವುದು ಕಷ್ಟ. ಮದುವೆಗೆ ಯಾವ ಹುಡುಗಿ, ಯಾವ ಹುಡುಗ ಅಂತ ಜನ ಆಮೇಲೆ ಕೇಳುತ್ತಿದ್ದರು, ಮೊದಲು ಕೇಳುತ್ತಿದ್ದದ್ದು ಯಾವ ಬ್ಯಾಂಡು ಅಂತ. ಮುಧೋಳಕ್ಕೆ ಸಾಂಗಲಿಯ ಬ್ಯಾಂಡು ಬರುತ್ತದೆಂದು ಗೊತ್ತಾದರೆ ಪಾಯಪ್ಪ ಹತ್ತಿಯ ಲಾರಿ ಹತ್ತಿ ಹೋಗಿ, ಬೈಸಿಕೊಳ್ಳಲು ಮನೆಗೆ ಬರುತ್ತಿದ್ದ. ಆ ಬ್ಯಾಂಡಿನ ದೊಡ್ಡ ಕೊಳವೆಯ ಬಾಯೊಳಗೆ ಒಂದು ಕೂಸನ್ನು ಮಲಗಿಸಬಹುದಿತ್ತು. ಜಮಖಂಡಿಯಲ್ಲಿ ಢೋಲಿನವನೊಬ್ಬ ಬಡಿಗೆಯನ್ನು ಮಾಳಿಗೆಯ ಎತ್ತರಕ್ಕೆ ತೂರಿ, ಅದು ಕೆಳಗೆ ಬರುವಷ್ಟರಲ್ಲಿ ಮೀಸೆ ತಿರುವಿ, ತಾಳ ತಪ್ಪದಂತೆ ಹಿಡಿಯುತ್ತಿದ್ದ. ಕೆಂಪು ಕೋಟು, ಹಿತ್ತಾಳೆಯ ಗುಂಡಿ, ಬಿಸಿಲಿನಲ್ಲಿ ಬೆವರು ಸುರಿದರೂ ಯಾರೂ ಗುಂಡಿ ಬಿಚ್ಚುತ್ತಿರಲಿಲ್ಲ.

ಆದರೆ ಇವೆಲ್ಲ ಪಕ್ಕಕ್ಕಿರಲಿ. ಪಾಯಪ್ಪನ ಜೀವ ತಿಂದದ್ದು ಒಂದೇ ಒಂದು ಸಂಜೆ. ಅರವತ್ತೆರಡನೆಯ ಇಸವಿಯ ಬೇಸಿಗೆ, ಅವನಿಗೆ ಹತ್ತು ವರ್ಷ. ಮಗ್ಗದ ಕುಣಿಯಲ್ಲಿ ಬಿದ್ದು ಮುಂದಿನ ಹಲ್ಲು ಅರ್ಧ ಮುರಿದುಕೊಂಡಿದ್ದ ವರ್ಷ.

ಬನಹಟ್ಟಿಯಿಂದ ಹೊರಟ ಒಂದು ಮದುವೆಯ ಮೆರವಣಿಗೆ, ರಬಕವಿಯಿಂದ ಬಂದ ಇನ್ನೊಂದು, ಎರಡೂ ಒಂದು ಮೂಲೆಯಲ್ಲಿ ಎದುರುಬದುರಾದವು. ಒಂದರ ಮುಂದೆ ಜಮಖಂಡಿಯ ನವರತ್ನ ಬ್ಯಾಂಡು, ಇನ್ನೊಂದರ ಮುಂದೆ ಮಿರಜಿನ ಗುಲಾಬ್ ಬ್ಯಾಂಡು. ಆ ಕಾಲದಲ್ಲಿ ಇದಕ್ಕೊಂದು ರೀತಿಯಿತ್ತು. ಹೀಗೆ ಎದುರಾದರೆ ಎರಡೂ ಬ್ಯಾಂಡು ನಿಂತಲ್ಲೇ ನಿಂತು ನುಡಿಸಬೇಕು. ಯಾವುದು ಮೊದಲು ನಿಲ್ಲಿಸುತ್ತದೋ ಆ ಕಡೆಯ ಮದುಮಗ ಕುದುರೆಯನ್ನು ಬದಿಗೆ ತಿರುಗಿಸಿ ದಾರಿ ಬಿಡಬೇಕು. ಇಬ್ಬರೂ ಬಿಡದಿದ್ದರೆ ಅಕ್ಕಿಕಾಳು ಕಾಯಬೇಕು, ಭಟ್ಟರು ಕಾಯಬೇಕು, ಅಡಿಗೆ ಆರಬೇಕು. ಆವತ್ತು ಇಬ್ಬರೂ ಬಿಡಲಿಲ್ಲ.

ಇಳಿಹೊತ್ತಿನಲ್ಲಿ ನವರತ್ನದ ಕ್ಲಾರಿನೆಟ್ಟಿನ ಮಲಕಾಜಪ್ಪ ಮುಲ್ತಾನಿ ರಾಗ ಹಿಡಿದ. ಬೀಳಗಿ ಕಡೆಯ ಕುರುಬರ ಹುಡುಗ, ಬೀರೇಶ್ವರನ ಗುಡಿಯಲ್ಲಿ ಡೊಳ್ಳು ಬಡಿದು ಬೆಳೆದವನು, ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಪಾಯಪ್ಪ ಅವನ ಮುಂದೆ ಹೋಗಿ ನಿಂತ. ಅವನ ಗೆಳೆಯ, ಪಕ್ಕದ ನೇಕಾರರ ಮನೆಯ ಚನಮಲ್ಲಪ್ಪ, ಗುಲಾಬ್ ಬ್ಯಾಂಡಿನ ಮುಂದೆ ನಿಂತ. ಕ್ಲಾರಿನೆಟ್ಟು ಮೆಲ್ಲಗೆ ಮೇಲೆ ಹತ್ತುತ್ತ, ಹತ್ತಿದ್ದು ಸಾಲದೆಂದು ಮತ್ತೆ ಇಳಿಯುತ್ತ, ಇನ್ನೇನು ತುದಿಗೆ ಹೋಗಿ ಮುಟ್ಟಬೇಕು ಅನ್ನುವಾಗ ಪಾಯಪ್ಪನ ಕಿವಿಗೆ ಕೈ ಬಿತ್ತು.

“ಹೊತ್ತ ಮುಣಗಾಕತ್ತೈತಿ, ಊಟ ಯಾರಪ್ಪ ಮಾಡಾಂವ?”

ಅಪ್ಪ. ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಅನ್ನದ ಅಗುಳು ಬಾಯಿಗೆ ಹೋಗುವಂತಿಲ್ಲ. ಅಪ್ಪ ಕಿವಿ ಬಿಡಲಿಲ್ಲ. ಪಾಯಪ್ಪ ಅಳುತ್ತ ಉಂಡ. ಮಜ್ಜಿಗೆ ಅನ್ನ ಗಂಟಲಲ್ಲಿ ನಿಂತಾಗ ದೂರದಲ್ಲಿ ಬ್ಯಾಂಡಿನ ಸಪ್ಪಳ ನಿಂತುಹೋಯಿತು. ಯಾರು ನಿಲ್ಲಿಸಿದರು ಅಂತ ಮನೆಯೊಳಗಿಂದ ಹೇಗೆ ತಿಳಿಯಬೇಕು.

ಮರುದಿನ ಚನಮಲ್ಲಪ್ಪ ಹೇಳಿದ. “ನಿಂದು ಚೀರಿತು. ಬಿತ್ತು. ನಿಮ್ಮ ಮದಿಮಗ ಬದಿಗಿ ಸರದ.”

ಪಾಯಪ್ಪ ನಂಬಲಿಲ್ಲ. ಮಲಕಾಜಪ್ಪನ ಕ್ಲಾರಿನೆಟ್ಟು ಚೀರುವುದೆಂದರೇನು. ಮೂಲೆಯಲ್ಲಿದ್ದ ಉಳಿದವರನ್ನು ಕೇಳಿದರೆ ಅವರು ತಮ್ಮ ತಮ್ಮ ಬೀಗರ ಕಡೆ ಎಳೆದು ಮಾತಾಡಿದರು. ಹೀಗೆ ಶುರುವಾದ ಜಗಳ ಇಬ್ಬರಿಗೂ ಮೀಸೆ ಬಂದರೂ ನಿಲ್ಲಲಿಲ್ಲ, ಮೀಸೆ ಬೆಳ್ಳಗಾದರೂ ನಿಲ್ಲಲಿಲ್ಲ. ಚನಮಲ್ಲಪ್ಪ ಕೈಮಗ್ಗ ಬಿಟ್ಟು ಪಾವರ್‌ಲೂಮು ಹಾಕಿದ. ಅದರ ಖಟಖಟದೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳದಿದ್ದರೂ, ಚಹಾ ಕುಡಿಯುವಾಗ ಚನಮಲ್ಲಪ್ಪ ತುಟಿ ಮುಂದೆ ಮಾಡಿ ಚೀರುವಂತೆ ನಟಿಸಿದರೆ ಸಾಕು, ಪಾಯಪ್ಪ ಲೋಟ ಕುಕ್ಕಿ ಎದ್ದು ಹೋಗುತ್ತಿದ್ದ. ಗೆದ್ದದ್ದು, ಸೋತದ್ದು ದೊಡ್ಡದಲ್ಲ. ಆದರೆ ತಾನು ಕಂಡ ಅತ್ಯಂತ ದೊಡ್ಡ ಸಂಗತಿಯ ಕೊನೆ ತನಗೆ ಗೊತ್ತಿಲ್ಲ, ಇವನಿಗೆ ಗೊತ್ತು ಅನ್ನುವುದು ಅವನಿಗೆ ನುಂಗಲಾರದ ತುತ್ತಾಗಿತ್ತು.

ಆಮೇಲೆ ಬ್ಯಾಂಡುಗಳಿಗೇ ಕೊನೆ ಬಂತು. ನವರತ್ನದವರು ಚದುರಿದರು. ಮಲಕಾಜಪ್ಪ ಕುರಿ ಕಾಯಲು ಊರಿಗೆ ಹೋದನೆಂದು ಸುದ್ದಿ. ತಳ್ಳುಗಾಡಿಯ ಮೇಲೆ ಕ್ಯಾಸಿಯೋ ಕೀಬೋರ್ಡು ಬಂತು, ಅದರ ಹಿಂದೆ ಟ್ರ್ಯಾಕ್ಟರಿನ ಮೇಲೆ ಗೋಡೆಯಂಥ ಸ್ಪೀಕರ್ ಬಾಕ್ಸುಗಳು ಬಂದವು. ಹಿಪ್ಪರಗಿಯ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳೇ ಮದುವೆಯ ದಿನ ಡೀಜೆ ಹೊತ್ತು ಬರುತ್ತಿದ್ದವು, ಆ ಸಪ್ಪಳಕ್ಕೆ ಅಂಗಡಿಯ ಗಾಜು ನಡುಗುತ್ತಿತ್ತು. ಪಾಯಪ್ಪ ಮದುವೆಗಳಲ್ಲಿ ಅಕ್ಕಿಕಾಳು ಹಾಕಿ ಊಟಕ್ಕೂ ನಿಲ್ಲದೆ ಬರುವವನಾದ. ಮನೆಗೆ ಬಂದು ಅಕ್ಕವ್ವನ ಮೇಲೆ ಹರಿಹಾಯುತ್ತಿದ್ದ, ಪಾಪ ಅವಳೇ ಡೀಜೆ ತರಿಸಿದ್ದಳೋ ಎಂಬಂತೆ.

ಎರಡು ಸಾವಿರದ ನಾಲ್ಕರಲ್ಲಿ ಮಗ ಶ್ರೇಯಸನ ಮದುವೆ. ಪಾಯಪ್ಪ ಹಟ ಹಿಡಿದು, ಸಿಕ್ಕಸಿಕ್ಕವರನ್ನು ವಿಚಾರಿಸಿ, ಎಲ್ಲಿಂದಲೋ ಒಂದು ಬ್ಯಾಂಡು ತರಿಸಿದ. ಕೆಂಪು ಕೋಟಿನವರು ಇಳಿದಾಗ ಅವನ ಕಣ್ಣು ತುಂಬಿದ್ದು ನಿಜ. ಮೆರವಣಿಗೆ ಹೊರಟಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಹತ್ತಿರ ಹೋಗಿ ನೋಡಿದ. ಹಾಡು ಬರುತ್ತಿದ್ದದ್ದು ತಳ್ಳುಗಾಡಿಯ ಸ್ಪೀಕರಿನಿಂದ. ಕ್ಲಾರಿನೆಟ್ಟಿನವನು ಸುಮ್ಮನೆ ಬಾಯಿಗೆ ಇಟ್ಟುಕೊಂಡು ಬೆರಳಾಡಿಸುತ್ತಿದ್ದ.

“ಊದಲೇ,” ಅಂದ ಪಾಯಪ್ಪ.

“ಬರೂದಿಲ್ರಿ. ಕೋಟ ಹಾಕ್ಕೊಳ್ಳಾಕ ಕರದಾರ,” ಅಂದ ಅವನು ಬಹಳ ವಿನಯದಿಂದ.

ಪಾಯಪ್ಪ ತನ್ನ ಮಗನ ಮೆರವಣಿಗೆಯನ್ನು ನಡುಬೀದಿಯಲ್ಲಿ ಬಿಟ್ಟು ಮನೆಗೆ ಬಂದು ಕುಳಿತ. ಬೀಗರು ಏನಾಯಿತೆಂದು ಗಾಬರಿಯಾದರು. ಅದನ್ನು ಅಕ್ಕವ್ವ ಇವತ್ತಿಗೂ ಮರೆತಿಲ್ಲ, ದಿನಕ್ಕೊಮ್ಮೆ ನೆನಪಿಸುತ್ತಾಳೆ. ಆದರೆ ಆವತ್ತೇ ಅವನು ನಿರ್ಧಾರ ಮಾಡಿದ್ದು. ಮಲಕಾಜಪ್ಪ ಬದುಕಿದ್ದರೆ ಹುಡುಕಬೇಕು. ಆ ಸಂಜೆ ಏನಾಯಿತು ಅಂತ ಊದಿದವನ ಬಾಯಿಂದಲೇ ಕೇಳಬೇಕು, ಸಾಧ್ಯವಾದರೆ ಉಳಿದ ಮುಲ್ತಾನಿಯನ್ನೂ.

ಹುಡುಕುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮಲಕಾಜಪ್ಪನ ಊರು ಬೀಳಗಿ ತಾಲೂಕಿನ ಹೊಳೆದಂಡೆಯದು. ಆಲಮಟ್ಟಿಯ ಹಿನ್ನೀರು ಬಂದು ಆ ಊರು ಮುಳುಗಿ ಎಷ್ಟೋ ವರ್ಷವಾಗಿತ್ತು. ಜನರನ್ನು ಒಂದೇ ಕಡೆ ಒಯ್ದಿದ್ದರೆ ಚೆನ್ನಾಗಿತ್ತು, ಅರ್ಧ ಊರು ಒಂದು ಪುನರ್ವಸತಿ ಕೇಂದ್ರಕ್ಕೆ, ಅರ್ಧ ಇನ್ನೊಂದಕ್ಕೆ. ಪಾಯಪ್ಪ ಪ್ರತಿ ವರ್ಷ ತೇರದಾಳದ ಹೊಲಗಳಿಗೆ ಕುರಿ ತರುವವರನ್ನು ಹಿಡಿದು ಕೇಳುತ್ತಿದ್ದ. ಆ ಕಡೆ ಮಲಕಾಜಪ್ಪ ಅನ್ನುವವರಿಗೇನು ಕಡಿಮೆ. ಒಮ್ಮೆ ಒಬ್ಬರ ಮಾತು ನಂಬಿ ಅಷ್ಟು ದೂರ ಹೋದರೆ ಆ ಮಲಕಾಜಪ್ಪ ಹಲಗೆ ಬಾರಿಸುವವನು. ಕ್ಲಾರಿನೆಟ್ಟು ತನ್ನದಲ್ಲ ಅಂತ ಅವನು ಊಟ ಹಾಕಿ, ಎಲೆಅಡಿಕೆ ಕೊಟ್ಟು, ಹಲಗೆಯನ್ನೂ ಬಾರಿಸಿ ತೋರಿಸಿ, ಆಮೇಲೆ ಹೇಳಿದ. ಪಾಯಪ್ಪ ಬಸ್ಸಿನುದ್ದಕ್ಕೂ ಹಲ್ಲು ಕಡಿಯುತ್ತ ಬಂದ.

ಕೊನೆಗೆ ಎರಡು ಸಾವಿರದ ಹನ್ನೊಂದರ ಚಳಿಗಾಲದಲ್ಲಿ ಪಾಂಡಪ್ಪ ಎಂಬ ಕುರಿಗಾರ ಸರಿಯಾದ ಸುದ್ದಿ ತಂದ. ಬಾಡಗಂಡಿಯ ಆಚೆ ಒಂದು ಹೊಸ ಊರಿನಲ್ಲಿದ್ದಾನೆ, ಹಿಂದೆ ಕೆಂಪು ಕೋಟು ಹಾಕುತ್ತಿದ್ದನಂತೆ. ಪಾಯಪ್ಪ ಚನಮಲ್ಲಪ್ಪನ ಮುಂದೆ ಹೋಗಿ ನಿಂತ. “ನಡಿ. ಇವತ್ತ ನಿನ್ನ ಬಾಯಿ ಮುಚ್ಚಸ್ತೇನಿ.”

ಚನಮಲ್ಲಪ್ಪ ಲೂಮು ಬಂದ್ ಮಾಡಿ ಹೊರಟ. ಅಕ್ಕವ್ವ ಗಂಡನಿಗೆ ಡಬ್ಬಿ ಕಟ್ಟಿಕೊಟ್ಟಳು. “ಹೊತ್ತ ಮುಣಗೂದರಾಗ ಉಣ್ರಿ. ಮಾತಿಗಿ ಕುಂತ ಮರತೀರಿ.”

“ಹುಟ್ಟಿದಾಗಿಂದ ಮರತಿಲ್ಲ, ಇವತ್ತ ಮರೀತೇನೇನು?” ಅಂದ ಪಾಯಪ್ಪ. ಅದು ಖರೆ. ಅಪ್ಪ ಸತ್ತು ಎಷ್ಟು ವರ್ಷವಾದರೂ ಹೊತ್ತು ಇಳಿದರೆ ಅವನ ಕೈ ತಾನೇ ಕಿವಿಯ ಹತ್ತಿರ ಹೋಗುತ್ತಿತ್ತು.

ಎರಡು ಬಸ್ಸು ಬದಲಿಸಿ, ಮೂರನೆಯದಕ್ಕೆ ಕಾದು, ಅವರು ಆ ಊರು ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಸುಣ್ಣದ ಗೆರೆ ಎಳೆದು ಕಟ್ಟಿದ ಊರು, ಎಲ್ಲ ಓಣಿಯೂ ಒಂದೇ ಥರ. ಮೂರು ಸಲ ಅದೇ ನಳದ ಮುಂದೆ ಬಂದು ನಿಂತ ಮೇಲೆ ಪಾಯಪ್ಪ ನಳಕ್ಕೇ ಬೈದ. ನೀರಿಗೆ ಬಂದ ಮುದುಕಿಯೊಬ್ಬಳು, “ಯಾರ ಬೇಕಾಗಿತ್ರಿ?” ಅಂದಳು. ಅವಳೇ ಮಲಕಾಜಪ್ಪನ ಹೆಂಡತಿ ಬೋರವ್ವ.

ಮಲಕಾಜಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ಪಕ್ಕದಲ್ಲಿ ಕುರಿ ಕಾಯುವ ಕೋಲು. ಐವತ್ತು ವರ್ಷದ ಹತ್ತಿರ ಹತ್ತಿರ ತಲೆಯಲ್ಲಿ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಪಾಯಪ್ಪನ ಬಾಯಿಗೆ ಬರಲಿಲ್ಲ. ಚಹಾ ಬಂತು, ಮಳೆಯ ಮಾತಾಯಿತು, ಕಬ್ಬಿನ ರೇಟಿನ ಮಾತಾಯಿತು. ಚನಮಲ್ಲಪ್ಪನಿಗೆ ತಡೆಯಲಾಗಲಿಲ್ಲ.

“ಅರವತ್ತೆರಡನೇ ಇಸ್ವಿ. ಬನಹಟ್ಟಿ ಮೂಲ್ಯಾಗ ಗುಲಾಬ್ ಬ್ಯಾಂಡಿನವರ ಜೋಡಿ ಜಿದ್ದಿಗಿ ಬಿದ್ದಿದ್ರಿ. ಖರೆ ಹೇಳ್ರಿ, ಮೊದಲ ಯಾರ ಬಿಟ್ರು?”

“ನಾವ,” ಅಂದ ಮಲಕಾಜಪ್ಪ.

“ನೀವ ಅಲ್ಲ ಬಿಡ್ರಿ,” ಅಂದ ಪಾಯಪ್ಪ. “ನಿಮ್ಮೊಳಗ ಬ್ಯಾರೆ ಯಾರರೆ ಬಿಟ್ಟಿರಬೇಕು. ಢೋಲಿನಾಂವ.”

“ನಾನ. ನನ್ನ ಕ್ಲಾರಿನೆಟ್ಟ ಚೀರಿತು.”

ಪಾಯಪ್ಪನಿಗೆ ಎದ್ದು ಹೋಗಬೇಕೆನ್ನಿಸಿತು. ಇಷ್ಟು ವರ್ಷ ಇದಕ್ಕಾಗಿ ಜಗಳಾಡಿದೆನಲ್ಲ, ಇದಕ್ಕಾಗಿ ಬಸ್ಸು ಹತ್ತಿ ಬಂದೆನಲ್ಲ ಅಂತ ತನ್ನ ಮೇಲೆಯೇ ಹೇಸಿಗೆಯಾಯಿತು. ಪಕ್ಕದಲ್ಲಿ ಚನಮಲ್ಲಪ್ಪ ತುಟಿ ಮುಂದೆ ಮಾಡುತ್ತಾನೆಂದು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಮಲಕಾಜಪ್ಪ ಮಾತ್ರ ನಗುತ್ತಿದ್ದ. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. “ಹೊತ್ತ ಇಳದಿತ್ತು. ಬೀಗರೆಲ್ಲ ಬೇಸತ್ತ ಕಟ್ಟಿ ಮ್ಯಾಲ ಕುಂತಿದ್ರು. ಮದಿಮಗ ಕುದರಿ ಮ್ಯಾಲ ತೂಕಡಸ್ತಿದ್ದ. ಖರೆ ಹೇಳಬೇಕಂದ್ರ ಯಾರೂ ಕೇಳತಿರಲಿಲ್ಲ. ನನ್ನ ಮುಂದ ಒಂದ ಹುಡುಗ ನಿಂತಿತ್ತು, ಅಷ್ಟ. ಬಾಯಿ ತಗದ ನಿಂತಿತ್ತು, ಮುಂದಿನ ಹಲ್ಲ ಅರ್ಧ ಮುರದಿತ್ತು. ಈ ಹುಡುಗ ನಿಲ್ಲೂತನಾ ನಾ ಬಿಡೂದಿಲ್ಲ ಅಂತ ಮನಸಿನ್ಯಾಗ ಅಂದ್ಕೊಂಡೆ. ಅಷ್ಟರಾಗ ಅವರಪ್ಪ ಬಂದ, ಕಿವಿ ಹಿಡದ ಎಳಕೊಂಡ ಹೊಂಟ. ಹುಡುಗ ಏನ ಮಾಡಿತು ಅಂತೀರಿ, ಮಾರಿ ನನ್ನ ಕಡೇನ ಮಾಡಿ ಹಿಂದಹಿಂದಕ್ಕ ನಡೀತಿತ್ತು. ಬಾಯಿ ಇನ್ನೂ ತಗದ ಐತಿ. ಹುಡುಗ ಮನಿ ಮುಟ್ಟಿರಬೇಕು, ಆ ಮಾರಿ ನನ್ನ ಕಣ್ಣ ಮುಂದಿಂದ ಹೋಗಲಿಲ್ಲ, ತಡದ ತಡದ ಕಡೀಕ ನನಗ ನಗು ಬಂತು. ಕ್ಲಾರಿನೆಟ್ಟ ಬಾಯಾಗ ಇಟ್ಕೊಂಡ ನಕ್ಕರ ಏನ ಉಳೀತೈತಿ? ಚೀರಿತು. ಮಾಸ್ತರ ನನಗ ಬಡದ ಬಿಟ್ಟ.”

ಚನಮಲ್ಲಪ್ಪ ಗೆದ್ದಿದ್ದ. ಆದರೆ ತುಟಿ ಮುಂದೆ ಮಾಡಲಿಲ್ಲ. ಪಾಯಪ್ಪ ನೆಲ ನೋಡುತ್ತ ಕುಳಿತಿದ್ದ. ಸೋತದ್ದು ಖರೆ, ಸೋಲಿಸಿದವನು ತಾನು. ಅಪ್ಪನ ಮೇಲೆ ಸಿಟ್ಟು ಬಂತು, ಆ ಮಜ್ಜಿಗೆ ಅನ್ನದ ಮೇಲೆ ಬಂತು. ಸುಮ್ಮನೆ ಮುಂದೆ ನೋಡಿಕೊಂಡು ನಡೆದಿದ್ದರೂ ಆಗುತ್ತಿತ್ತಲ್ಲ ಅಂತ ಆ ಹತ್ತು ವರ್ಷದ ಹುಡುಗನ ಮೇಲೂ ಬಂತು.

“ಆ ಹುಡುಗ ಇಂವನ ನೋಡ್ರಿ,” ಅಂದ ಚನಮಲ್ಲಪ್ಪ ಮೆಲ್ಲಗೆ. “ಬೇಕಂದ್ರ ಹಲ್ಲ ನೋಡ್ರಿ.”

ಮಲಕಾಜಪ್ಪ ಮುಂದಕ್ಕೆ ಬಾಗಿದ. “ಎಲ್ಲಿ, ಬಾಯಿ ತಗಿ.”

ತೆಗೆಯುವುದೇನೂ ಇರಲಿಲ್ಲ, ಅದು ತೆರೆದೇ ಇತ್ತು. ಮುದುಕ ಬಹಳ ಹೊತ್ತು ನೋಡಿದ.

“ಹಂಗಾರ ನೀ ಪೂರಾ ಕೇಳಲಿಲ್ಲ.”

“ಇಲ್ರಿ.”

“ನಾನೂ ಪೂರಾ ಊದಲಿಲ್ಲ.”

“ಈಗ ಊದ್ರೆಲಾ,” ಅಂದ ಪಾಯಪ್ಪ. ಬೇಡಿಕೊಂಡ ಅಂದರೂ ಸರಿಯೇ.

ಬೋರವ್ವ ಬಾಗಿಲಲ್ಲಿ ನಿಂತು ಹೇಳಿದಳು. ಊರು ಬಿಡುವಾಗ ಸಾಮಾನನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ತುಂಬಿ ತಂದರು. ಕಂಬಳಿಯಲ್ಲಿ ಸುತ್ತಿದ ಕ್ಲಾರಿನೆಟ್ಟು ಅಟ್ಟದ ಮೇಲಿತ್ತು. ಗಂಡ ತಂದನೆಂದು ಅವಳು ಅಂದುಕೊಂಡಳು, ಅವಳು ತಂದಳೆಂದು ಗಂಡ ಅಂದುಕೊಂಡ. ನೀರು ಬಂದ ಮೇಲೆ ಗೊತ್ತಾಯಿತು. “ಇದ್ದರೂ ಏನ್ ಮಾಡ್ತಿದ್ನಿ,” ಅಂದ ಮಲಕಾಜಪ್ಪ, “ಹಲ್ಲಿಲ್ಲದ ಬಾಯಾಗ ಅದು ನಿಂದರೂದಿಲ್ಲ.”

“ಆತಲ್ಲ ಹಂಗಾರ,” ಅಂದು ಪಾಯಪ್ಪ ಎದ್ದುಬಿಟ್ಟ. ಡಬ್ಬಿಯ ಚೀಲ ಕೈಗೆ ತಗೊಂಡ. ಹೊತ್ತು ಕಬ್ಬಿನ ಸುಳಿಯ ಹತ್ತಿರ ಬಂದಿತ್ತು. ಜೀವಮಾನವಿಡೀ ಒಂದು ಕೇಳುವುದಿತ್ತು, ಅದೂ ನೀರೊಳಗೆ.

“ಕುಂಡ್ರು,” ಅಂದ ಮಲಕಾಜಪ್ಪ.

ಅವನು ಪಕ್ಕದ ಕೋಲನ್ನು ತೊಡೆಯ ಮೇಲೆ ಊರಿ ಎದೆಗೆ ಒರಗಿಸಿಕೊಂಡ. ಎಡಗೈ ಮೇಲೆ, ಬಲಗೈ ಕೆಳಗೆ. ಬೆರಳುಗಳು ಒಂದೊಂದಾಗಿ ಏಳತೊಡಗಿದವು, ಕೂರತೊಡಗಿದವು. ಪಾಯಪ್ಪ ನಿಂತಲ್ಲೇ ನಿಂತ. ಮಗನ ಮದುವೆಯ ಕೆಂಪು ಕೋಟಿನವನು ನೆನಪಾಗಿ ಮೊದಲು ಮೈ ಉರಿಯಿತು. ಆಮೇಲೆ ಬೆರಳು ಎಲ್ಲಿ ಹೋಗುತ್ತಿದೆ ಅಂತ ಅವನಿಗೆ ಗುರುತು ಹತ್ತಿತು. ಮೆಲ್ಲಗೆ ಹತ್ತುವುದು, ಸಾಲದೆಂದು ಇಳಿಯುವುದು, ಮತ್ತೆ ಹತ್ತುವುದು. ಬನಹಟ್ಟಿಯ ಆ ಮೂಲೆಯಲ್ಲಿ ಕೇಳಿದ್ದಷ್ಟೂ ಕಿವಿಯೊಳಗೆ ಎದ್ದು ಬಂತು, ಒಂದು ಸ್ವರವೂ ತಪ್ಪಿರಲಿಲ್ಲ.

ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಚನಮಲ್ಲಪ್ಪ ಚಡಪಡಿಸಿದ. “ಪಾಯಾ, ಕಡೀ ಬಸ್ಸ ಅದು. ಹೊತ್ತ ಮುಣಗಾಕತ್ತೈತಿ, ಡಬ್ಬಿ ಬಿಚ್ಚಿಲ್ಲ ನೀ.”

ಪಾಯಪ್ಪ ಅಲುಗಾಡಲಿಲ್ಲ. ಅಪ್ಪ ಕಿವಿ ಹಿಡಿದ ಜಾಗ ಬಂತು. ಅಲ್ಲಿಗೆ ಕಿವಿಯೊಳಗಿನ ಕ್ಲಾರಿನೆಟ್ಟು ನಿಂತುಹೋಯಿತು. ಅಲ್ಲಿಂದ ಮುಂದಕ್ಕೆ ಬರೀ ಬೆರಳು. ಬೆರಳುಗಳು ಎಲ್ಲಿಗೋ ಹೋಗುತ್ತಿದ್ದವು, ಯಾವುದೋ ತುದಿಯ ಮೇಲೆ ಬಹಳ ಹೊತ್ತು ನಿಂತು ನಡುಗುತ್ತಿದ್ದವು, ಅದು ಏನು ಅಂತ ಪಾಯಪ್ಪನಿಗೆ ತಿಳಿಯಲಿಲ್ಲ. ಕೋಲು ಮೂಕವಾಗಿತ್ತು. ಅದನ್ನು ಕಸಿದು ಮುರಿದು ಹಾಕುವಷ್ಟು ಸಿಟ್ಟು ಬಂತು, ಆದರೂ ನಿಂತ. ಬಸ್ಸು ಇನ್ನೊಮ್ಮೆ ಕೂಗಿ ಹೋಯಿತು. ಸೂರ್ಯ ಕಬ್ಬಿನ ಹಿಂದೆ ಇಳಿದ. ಡಬ್ಬಿ ಚೀಲದೊಳಗೇ ಉಳಿಯಿತು. ಇನ್ನು ಬೆಳಗಿನ ತನಕ ಅವನಿಗೆ ಊಟವಿಲ್ಲ.

ಬೆರಳುಗಳು ಒಂದೊಂದಾಗಿ ಇಳಿದು ಕೋಲಿನ ಮೇಲೆ ಸುಮ್ಮನಾದವು.

“ಆತು,” ಅಂದ ಮಲಕಾಜಪ್ಪ.

ಪಾಯಪ್ಪ ಸುಳ್ಳು ಹೇಳಲಿಲ್ಲ. “ಮುಂದಿಂದು ನನಗೇನೂ ಕೇಳಲಿಲ್ರಿ.”

“ಗೊತ್ತೈತಿ,” ಅಂದ ಮುದುಕ, ಕೋಲನ್ನು ಪಕ್ಕಕ್ಕಿಡುತ್ತ. “ಆದರ ಈ ಸಲ ನೀ ಹೋಗಲಿಲ್ಲ. ನಾನೂ ನಗಲಿಲ್ಲ.”